ಗುಡ್ಡಕ್ಕೆ ಕಾಲು ಸಾಕು, ಗಾಲಿ ಬೇಡ

ಕಳೆದ ಕಾರ್ತಿಕದ ಒಂದು ಮುಂಜಾನೆ ಕಳಸ ಸೀಮೆಯ ಗುಡ್ಡವೊಂದರ ನೆತ್ತಿಗೆ ಹನ್ನೊಂದು ಮಂದಿ ವಿದ್ಯಾರ್ಥಿಗಳೊಡನೆ ನಡೆದು ಹೋಗಿದ್ದೆ. ಕಣಿವೆಯ ಮಂಜು ಇನ್ನೂ ಎದ್ದಿರಲಿಲ್ಲ. ಎದೆಮಟ್ಟದ ಹುಲ್ಲು ತೆನೆಬಿಟ್ಟು ಬಾಗಿ ನಿಂತಿತ್ತು. ಆ ಹುಲ್ಲನ್ನು ಸೀಳಿಕೊಂಡು ಗುಡ್ಡದ ಬುಡದಿಂದ ನೆತ್ತಿಯವರೆಗೆ ಎರಡು ಕೆಂಪು ಗೀರುಗಳು ಜೋಡಿಯಾಗಿ ಏರಿದ್ದವು. ಇಳಿದು ನಿಂತರೆ ಮೊಣಕಾಲು ಮುಳುಗುವಷ್ಟು ಆಳ. ನೇಗಿಲು ಇಳಿಜಾರಿಗೆ ಅಡ್ಡವಾಗಿ ಸಾಗಬೇಕೆಂದು ಇಪ್ಪತ್ತು ವರ್ಷಗಳಿಂದ ರೈತರಿಗೆ ಹೇಳುತ್ತ ಬಂದವನು ನಾನು. ಇಲ್ಲಿ ಯಾರೋ ಗುಡ್ಡವನ್ನೇ ಇಳಿಜಾರಿನ ಗುಂಟ ಉತ್ತುಬಿಟ್ಟಿದ್ದರು. ಉತ್ತದ್ದು ಬಿತ್ತುವುದಕ್ಕಲ್ಲ, ಸೂರ್ಯೋದಯವನ್ನು ನೋಡುವುದಕ್ಕೆ.

ಮರಳುವಾಗ ಗುಡ್ಡದ ಬುಡದ ಮನೆಯ ಹಿರಿಯರೊಬ್ಬರು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಅವರ ಮನೆಗೆ ಬರುವ ಅಬ್ಬಿ ನೀರು ಆ ಗುಡ್ಡದ ಒಡಲಿನದು. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದುದು ಈಗ ಕರಿ ಪೈಪಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಪೈಪಿನ ಬಾಯಿಗೆ ಕಟ್ಟಿದ ಬಟ್ಟೆಯನ್ನು ದಿನಕ್ಕೆರಡು ಸಲ ಬಿಚ್ಚಿ ಕೆಸರು ಕೊಡವಬೇಕಾಗಿದೆಯೆಂದೂ, ತಮ್ಮ ತಂದೆಯ ಕಾಲದಲ್ಲಿ ಹೀಗಿರಲಿಲ್ಲವೆಂದೂ ಅವರು ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನಾವು ದನ ಹೊಡ್ಕೊಂಡು ಮೇಲೆ ಹೋದ್ರೆ ಕೇಸು. ಅವ್ರು ಜೀಪು ಹೊಡ್ಕೊಂಡು ಹೋದ್ರೆ ಪ್ರವಾಸೋದ್ಯಮ. ಇದೆಂಥ ನ್ಯಾಯ ಮಾರಾಯ್ರೇ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಈ ಲೇಖನ.

ಖರಾಬು ಎಂಬ ಸುಳ್ಳು

ಮೊದಲು ಈ ಹುಲ್ಲುಗಾವಲು ಏನೆಂಬುದನ್ನು ತಿಳಿಯಬೇಕು. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ, ಬಲ್ಲಾಳರಾಯನದುರ್ಗದ ಎತ್ತರಗಳಲ್ಲಿ ಬೆನ್ನಿನ ಮೇಲೆ ಹುಲ್ಲು, ಮಡಿಲಿನಲ್ಲಿ ಶೋಲಾ ಕಾಡು ಎಂಬ ವಿನ್ಯಾಸವನ್ನು ನಾವೆಲ್ಲ ಕಂಡಿದ್ದೇವೆ. ಕಂಡಿದ್ದೇವೆಯೇ ಹೊರತು ಗೌರವಿಸಿಲ್ಲ. ಬ್ರಿಟಿಷರಿಗೆ ನೀಲಗಿರಿಯ ಇಂಥ ನೆಲವನ್ನು ನೋಡಿದಾಗ ತಮ್ಮ ನಾಡಿನ ‘ಮೂರ್’ ಎಂಬ ಬಯಲು ದಿನ್ನೆಗಳು ನೆನಪಾದವು. ಆದರೆ ಮರವಿಲ್ಲದ ನೆಲ ಬರಡು ನೆಲವೆಂದು ಬಗೆದು ಅದರ ಮೇಲೆ ನೀಲಗಿರಿ ಮರವನ್ನೂ ವಾಟಲ್ ಗಿಡವನ್ನೂ ಹೇರಿದರು. ಸ್ವಾತಂತ್ರ್ಯಾನಂತರ ನಾವು ಆ ಬುದ್ಧಿಯನ್ನು ಬಿಡಲಿಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ಎಷ್ಟೋ ಹುಲ್ಲುಗುಡ್ಡಗಳು ಇಂದಿಗೂ ‘ಖರಾಬು’. ಖರಾಬೆಂದು ಬರೆದುಕೊಂಡ ನೆಲದ ಮೇಲೆ ಯಾರು ಏನು ಓಡಿಸಿದರೂ ಕೇಳುವವರು ಯಾರು?

ವಿಜ್ಞಾನ ಬೇರೆಯೇ ಮಾತನ್ನು ಹೇಳುತ್ತದೆ. ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಗಳಲ್ಲಿ ಪದರ ಪದರವಾಗಿ ಕೂಡಿದ ಕೊಳೆಸಸ್ಯದ ಮಣ್ಣನ್ನು, ಅಂದರೆ ‘ಪೀಟ್’ ಅನ್ನು, ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಗಾಲದ ಸಮಸ್ಥಾನಿಗಳ ಆ ದಾಖಲೆ ಸುಮಾರು 20,000 ವರ್ಷ ಹಿಂದಕ್ಕೆ ಹೋಗುತ್ತದೆ. ಹವಾಮಾನ ಬದಲಾದಂತೆ ಹುಲ್ಲು ಮತ್ತು ಕಾಡು ಹಿಗ್ಗಿ ಕುಗ್ಗಿದವೆಂಬುದು ಅದರಿಂದ ತಿಳಿಯುತ್ತದೆ. ಮನುಷ್ಯ ಕೊಡಲಿ ಹಿಡಿದು ಕಾಡು ಕಡಿದುದರಿಂದ ಈ ಹುಲ್ಲು ಹುಟ್ಟಿತೆಂಬ ಹಳೆಯ ನಂಬಿಕೆಗೆ ಅಲ್ಲಿಗೆ ಆಧಾರ ತಪ್ಪಿತು. ನಮ್ಮ ಗುಡ್ಡಗಳ ಶೋಲಾ–ಹುಲ್ಲುಗಾವಲು ಅದೇ ಕುಟುಂಬದ್ದು. ಇದು ಕೆಟ್ಟುಹೋದ ಕಾಡಲ್ಲ. ತನ್ನಷ್ಟಕ್ಕೆ ಪೂರ್ಣವಾದ ಒಂದು ಜೀವಲೋಕ.

ಈ ಲೋಕದ ಮುಖ್ಯ ಕಸುಬು ನೀರು ಹಿಡಿಯುವುದು. ಉದಕಮಂಡಲದ ಹತ್ತಿರ ಗ್ಲೆನ್‌ಮಾರ್ಗನ್‌ನಲ್ಲಿ ಕೇಂದ್ರ ಮಣ್ಣು ಮತ್ತು ನೀರು ಸಂರಕ್ಷಣಾ ಸಂಸ್ಥೆ ಎರಡು ಸಣ್ಣ ಜಲಾನಯನಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿತು. ಹುಲ್ಲಿನ ಜಾಗದಲ್ಲಿ ನೀಲಗಿರಿ ಮರ ನೆಟ್ಟಾಗ ಮೊದಲ ಆವರ್ತದಲ್ಲೇ ಹೊರಹರಿವು ಶೇ. 16ರಷ್ಟು ಇಳಿಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಇಂಥ ಹುಲ್ಲಿನ ಮಡಿಲಲ್ಲಿ. ಲಕ್ಕವಳ್ಳಿಯ ಅಣೆಕಟ್ಟೆಯ ಕೆಳಗೆ ಭತ್ತ ಬೆಳೆಯುವ ರೈತ ಕುದುರೆಮುಖವನ್ನು ಕಾಣದೆ ಇರಬಹುದು. ಆದರೂ ಅವನ ಗದ್ದೆಯ ಮೊದಲ ಬದು ಇರುವುದು ಇಲ್ಲಿಯೇ.

ಗಾಲಿ ಮಾಡುವುದೇನು?

ಮಣ್ಣುವಿಜ್ಞಾನವನ್ನು ಹೊಟ್ಟೆಪಾಡಿಗಾಗಿ ಕಲಿತವನಾದ್ದರಿಂದ ಇದನ್ನು ಸ್ವಲ್ಪ ವಿವರಿಸುತ್ತೇನೆ. ಗುಡ್ಡದ ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿ ಕಂಬಳಿಯಂತೆ ಹೆಣೆದುಕೊಂಡಿರುತ್ತದೆ. ಬೇರು ಸತ್ತ ಜಾಗ, ಎರೆಹುಳು ಕೊರೆದ ಬಿಲ, ಮಣ್ಣಿನ ಹರಳುಗಳ ನಡುವಣ ಬಿರುಕು ಇವೆಲ್ಲ ನೀರಿನ ದಾರಿಗಳು. ಮಳೆ ಬಂದಾಗ ನೀರು ಈ ದಾರಿಗಳಿಂದ ಒಳಗಿಳಿದು, ಮೆಲ್ಲಗೆ ಪಕ್ಕಕ್ಕೆ ಸರಿದು, ಶೋಲಾದ ಮಡಿಲಿಗೆ ಸೇರುತ್ತದೆ.

ಜೀಪಿನ ಗಾಲಿ ಈ ದಾರಿಗಳನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಮೊದಲನೆಯದು ಒತ್ತಡ: ಒದ್ದೆ ಮಣ್ಣಿನ ಮೇಲೆ ಟನ್ನುಗಟ್ಟಲೆ ಭಾರ ಹಾದಾಗ ರಂಧ್ರಗಳು ಮುಚ್ಚುತ್ತವೆ. ಎರಡನೆಯದು, ಇದಕ್ಕಿಂತ ಘೋರವಾದದ್ದು, ಎಳೆತ. ಏರು ಹತ್ತುವ ಗಾಲಿ ಸುಮ್ಮನೆ ಉರುಳುವುದಿಲ್ಲ. ನೆಲವನ್ನು ಹಿಂದಕ್ಕೆ ಕೆರೆದು ತಳ್ಳುತ್ತದೆ, ಕೆಸರಿನಲ್ಲಿ ಗಿರ್ರನೆ ಸುತ್ತುತ್ತದೆ. ಬೇರಿನ ಕಂಬಳಿ ಹರಿದುಹೋಗುವುದು ಆಗ. ಅಮೆರಿಕದ ಮೊಂಟಾನಾದಲ್ಲಿ ವೀವರ್ ಮತ್ತು ಡೇಲ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಡೆಯುವವರು, ಕುದುರೆಗಳು ಮತ್ತು ಮೋಟಾರ್ ಸೈಕಲ್ಲುಗಳು ಹುಲ್ಲುನೆಲದ ಮೇಲೆ ಮಾಡುವ ಹಾನಿಯನ್ನು ಅಳೆದಿದ್ದರು. ಮೋಟಾರ್ ಸೈಕಲ್ಲು ಹೆಚ್ಚು ಕೆಡಿಸುವುದು ಏರುವಾಗ, ಮನುಷ್ಯ ಮತ್ತು ಕುದುರೆ ಹೆಚ್ಚು ಕೆಡಿಸುವುದು ಇಳಿಯುವಾಗ ಎಂಬುದು ಅವರು ಕಂಡ ಸಂಗತಿ. ಗುಡ್ಡ ಹತ್ತುವ ಇಂಜಿನಿನ ಶಕ್ತಿಗೆ ಬೆಲೆ ತೆರುವುದು ಮಣ್ಣು.

ಇನ್ನೊಂದು ಮಾತು. ಹೆಜ್ಜೆ ಬಿಡಿಬಿಡಿಯಾಗಿ ಬೀಳುತ್ತದೆ. ಗಾಲಿಯ ಗುರುತು ಬಿಡದ ಗೆರೆ. ಇಳಿಜಾರಿನಲ್ಲಿ ಬಿಡದ ಗೆರೆ ಎಂದರೆ ಕಾಲುವೆ. ವರ್ಷಕ್ಕೆ 6000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಜಾಗಗಳಿರುವ ಸೀಮೆಯಲ್ಲಿ ಕಾಲುವೆಯೊಂದು ಎಷ್ಟು ದಿನ ಕಾಲುವೆಯಾಗಿ ಉಳಿದೀತು? ಮುಂದಿನ ಆಷಾಢಕ್ಕೆ ಅದು ಕೊರಕಲು. ಕೊರಕಲಿನಲ್ಲಿ ಜೀಪು ಸಾಗದು. ಚಾಲಕ ಪಕ್ಕದಲ್ಲಿ ಹೊಸ ದಾರಿ ಹಿಡಿಯುತ್ತಾನೆ. ಒಂದು ಜೋಡಿ ಗೀರು ಮೂರು ಜೋಡಿಯಾಗುವುದು ಹೀಗೆ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋಮೀಟರ್ ಉದ್ದದ ಜೋಡಿ ಗೀರು. ಒಂದೊಂದು ಗೀರಿನ ಅಗಲ 30 ಸೆಂ.ಮೀ., ಆಳ 30 ಸೆಂ.ಮೀ. ಎಂದಿಟ್ಟುಕೊಳ್ಳಿ. ಎದ್ದುಹೋದ ಮಣ್ಣು 180 ಘನಮೀಟರ್. ಘನಮೀಟರಿಗೆ ಒಂದು ಟನ್ನೆಂದರೂ 180 ಟನ್. ಹತ್ತು ಟನ್ನಿನ ಟಿಪ್ಪರಿನಲ್ಲಿ ಹದಿನೆಂಟು ಲೋಡು. ನಿಮ್ಮೂರಿನ ಗುಡ್ಡದಿಂದ ಯಾರಾದರೂ ಹಗಲಿನಲ್ಲಿ ಹದಿನೆಂಟು ಟಿಪ್ಪರ್ ಮೇಲ್ಮಣ್ಣು ಸಾಗಿಸಿದರೆ ನೀವು ಸುಮ್ಮನಿರುತ್ತೀರಾ? ಪಂಚಾಯಿತಿಯ ಮುಂದೆ ಧರಣಿ ಕೂರುತ್ತೀರಿ. ಅದೇ ಮಣ್ಣನ್ನು ಗಾಲಿ ಸಡಿಲಿಸಿ ಮಳೆ ಸಾಗಿಸಿದರೆ ಯಾರಿಗೂ ಕಾಣುವುದಿಲ್ಲ. ಕಾಣುವುದು ಅಬ್ಬಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಮಾತ್ರ.

ಅಂದು ವಿದ್ಯಾರ್ಥಿಗಳು ಒಂದು ಸರಳ ಪ್ರಯೋಗ ಮಾಡಿದರು. ಎರಡೂ ಕಡೆ ಕತ್ತರಿಸಿದ ಒಂದು ಡಬ್ಬಿಯನ್ನು ಹುಲ್ಲಿನ ಬುಡದಲ್ಲಿ ಮಣ್ಣಿಗೆ ಒತ್ತಿ ಒಂದು ಲೀಟರ್ ನೀರು ಸುರಿದರು. ನೋಡುತ್ತಿದ್ದಂತೆಯೇ ನೀರು ಇಂಗಿತು. ಅದೇ ಡಬ್ಬಿಯನ್ನು ನಾಲ್ಕು ಹೆಜ್ಜೆ ಆಚೆ ಗಾಲಿ ಗೀರಿನ ತಳದಲ್ಲಿ ಒತ್ತಿ ಅಷ್ಟೇ ನೀರು ಸುರಿದರು. ನಾವು ಬುತ್ತಿ ಬಿಚ್ಚಿ ಉಂಡು ಎದ್ದಾಗಲೂ ನೀರು ಡಬ್ಬಿಯಲ್ಲಿ ನಿಂತೇ ಇತ್ತು. ಶಾಲೆ, ಕಾಲೇಜಿನ ಮಿತ್ರರು ತಮ್ಮ ತಮ್ಮ ಗುಡ್ಡಗಳಲ್ಲಿ ಇದನ್ನು ಮಾಡಿ ನೋಡಬೇಕೆಂದು ವಿನಂತಿಸುತ್ತೇನೆ. ಇದಕ್ಕೆ ಪ್ರಯೋಗಾಲಯ ಬೇಡ, ಡಾಕ್ಟರೇಟೂ ಬೇಡ.

ಗಣಿ ಹೋಯಿತು, ಗಾಲಿ ಬಂತು

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯ ವಿರುದ್ಧ ಈ ಸೀಮೆಯ ಜನ ನಡೆಸಿದ ಹೋರಾಟ ಹೊಸ ತಲೆಮಾರಿಗೆ ಗೊತ್ತಿರಲಾರದು. 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಆದರೂ ಭದ್ರೆಯಲ್ಲಿ ಮಳೆಗಾಲದ ಕೆಸರು ಹರಿಯುತ್ತಲೇ ಇತ್ತು. ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನ ಫಲವಾಗಿ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕರಪತ್ರ ಹಂಚಿದವರು, ಪಾದಯಾತ್ರೆ ನಡೆದವರು, ನಮ್ಮ ನಡುವೆ ಇನ್ನೂ ಇದ್ದಾರೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅವುಗಳಲ್ಲಿತ್ತು.

ಗಣಿಯನ್ನು ಓಡಿಸಿದ ನಾವೇ ಗಾಲಿಗೆ ಬಾಗಿಲು ತೆರೆದೆವು. ಗಣಿಗೆ ಒಂದು ಹೆಸರಿತ್ತು, ವಿಳಾಸವಿತ್ತು, ಮೊಕದ್ದಮೆ ಹೂಡಲು ಒಬ್ಬ ಎದುರಾಳಿಯಿದ್ದ. ಗಾಲಿಗೆ ಅದಾವುದೂ ಇಲ್ಲ. ವಾರಾಂತ್ಯಕ್ಕೊಮ್ಮೆ ಬರುತ್ತದೆ, ಚಿತ್ರ ತೆಗೆಯುತ್ತದೆ, ಹೋಗುತ್ತದೆ. ಉದ್ಯಾನದ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿ, ಮುಂಗಡ ನೋಂದಣಿ, ಮಾರ್ಗದರ್ಶಿ ಎಂಬ ಕಟ್ಟಳೆಗಳಾದರೂ ಇವೆ. ಗಡಿಯ ಹೊರಗಿನ ಕಂದಾಯ ಗುಡ್ಡಗಳಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ.

ನಡೆಯುವವರಿಂದ ಕೇಡಿಲ್ಲವೆಂದು ಹೇಳುವ ಆತ್ಮವಂಚನೆಯೂ ಬೇಡ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಂಡ ಜನಜಾತ್ರೆಯ ಚಿತ್ರಗಳು ಎಲ್ಲರನ್ನೂ ಬೆಚ್ಚಿಬೀಳಿಸಿದವು. ಅದರ ಬೆನ್ನಿಗೇ ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಸರಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ ಮುಳ್ಳಯ್ಯನಗಿರಿ–ದತ್ತಪೀಠದ ಕಡೆಗೆ ಹೋಗುವ ವಾಹನಗಳಿಗೆ ದಿನಕ್ಕೆ 1200 ಎಂಬ ಮಿತಿ ಬಂತು. ಮಿತಿ ಬಂದದ್ದು ಒಳ್ಳೆಯದೇ. ಆದರೆ ಅದು ರಸ್ತೆಯ ಮೇಲಿನ ವಾಹನಗಳ ಎಣಿಕೆ. ರಸ್ತೆ ಬಿಟ್ಟು ಹುಲ್ಲಿಗೆ ಇಳಿದ ಒಂದೇ ಒಂದು ಗಾಲಿಯ ಮಾಡುವಿಕೆಯನ್ನು ಆ ಎಣಿಕೆ ಹೇಳಲಾರದು.

ದೂರದ ದೇಶಗಳ ಪಾಠ

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟಿನಲ್ಲಿ ಕಿಂಡರ್ ಸ್ಕೌಟ್ ಎಂಬ ಮೂರ್ ದಿನ್ನೆಯಿದೆ. ಒಂದು ಕಾಲದಲ್ಲಿ ಅದು ಶ್ರೀಮಂತರು ಗ್ರೌಸ್ ಹಕ್ಕಿ ಹೊಡೆಯುವ ಖಾಸಗಿ ಸೊತ್ತು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಯುವಕನ ಮುಂದಾಳುತನದಲ್ಲಿ ನೂರಾರು ಮಂದಿ, ಬಹುಪಾಲು ಕಾರ್ಖಾನೆಯ ಊರುಗಳ ದುಡಿಮೆಗಾರರು, ಕಾವಲುಗಾರರನ್ನು ಎದುರಿಸಿ ಅದರ ಮೇಲೆ ನಡೆದರು. ಐವರಿಗೆ ಸೆರೆವಾಸವಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ದಲ್ಲಿ ತೆರೆದ ದಿನ್ನೆಗಳ ಮೇಲೆ ಸಾರ್ವಜನಿಕರಿಗೆ ಹಕ್ಕು ದೊರೆಯಿತು. ಗಮನಿಸಿ, ಆ ಹಕ್ಕು ನಡೆಯುವ ಹಕ್ಕು. ಸೈಕಲ್ಲಿಗೂ ಅದು ಅನ್ವಯಿಸುವುದಿಲ್ಲ. ಸೈಕಲ್ಲಿಗೆ ಗೊತ್ತುಪಡಿಸಿದ ಬೇರೆ ದಾರಿಗಳಿವೆ. ಸೆರೆಮನೆ ಕಂಡು ಗಳಿಸಿದ ಹಕ್ಕನ್ನೂ ಅವರು ಕಾಲಿನ ಅಳತೆಗೆ ಕತ್ತರಿಸಿಕೊಂಡರು. ಆ ಬಳಿಕವೂ ಮೆತ್ತಗಿನ ಪೀಟ್ ನೆಲದಲ್ಲಿ ಕಾಲುದಾರಿಗಳು ಕೊಚ್ಚೆಯಾಗಿ ಅಗಲವಾಗತೊಡಗಿದಾಗ, ಪಾಳುಬಿದ್ದ ಹತ್ತಿ ಗಿರಣಿಗಳ ನೆಲಗಲ್ಲುಗಳನ್ನು ತಂದು ದಾರಿಗೆ ಹಾಸಿದರು.

ಬೆಲ್ಜಿಯಂ ದೇಶದ ಓತ್ ಫಾನ್ಯ್ ಎಂಬ ಜೌಗುದಿನ್ನೆಯ ವ್ಯವಸ್ಥೆ ಇನ್ನೂ ಕಟ್ಟುನಿಟ್ಟಿನದು. 1957ರಿಂದ ಅದು ಸಂರಕ್ಷಿತ. ಕೆಲವು ಭಾಗಗಳಲ್ಲಿ ಗುರುತಿಸಿದ ದಾರಿಯಲ್ಲಿ ಮಾತ್ರ ನಡೆಯಬಹುದು. ಕೆಲವು ಭಾಗಗಳಿಗೆ ಮಾರ್ಗದರ್ಶಿಯಿಲ್ಲದೆ ಹೋಗುವಂತಿಲ್ಲ. ಕೆಲವಕ್ಕೆ ಯಾರಿಗೂ ಪ್ರವೇಶವಿಲ್ಲ. ಜೌಗಿನ ಮೇಲೆ ಮರದ ಹಲಗೆಯ ದಾರಿಗಳಿವೆ. ಬೆಂಕಿಯ ಭಯವಿರುವ ದಿನಗಳಲ್ಲಿ ಕೆಂಪು ಬಾವುಟ ಏರುತ್ತದೆ; ಬಾವುಟ ಏರಿತೆಂದರೆ ದಿನ್ನೆ ಮುಚ್ಚಿತು. ಅಲ್ಲಿಯ ಜನ ಬಡವರಲ್ಲ, ಅವರಲ್ಲಿ ವಾಹನಗಳಿಗೆ ಕೊರತೆಯೂ ಇಲ್ಲ. ವಾಹನವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ಗೊತ್ತು.

ನಾವು ‘ಬೈಕ್’ ಎಂಬ ಮಾತನ್ನೂ ಬದಲಾಯಿಸಿಕೊಂಡಿದ್ದೇವೆ. ಅಲ್ಲಿ ಬೈಕ್ ಎಂದರೆ ತುಳಿಯುವ ಸೈಕಲ್ಲು. ಇಲ್ಲಿ ಬೈಕ್ ಎಂದರೆ ಗುಡುಗುವ ಮೋಟಾರು. ಸೈಕಲ್ಲಿನ ಬಗ್ಗೆ ನನಗೆ ವಿರೋಧವಿಲ್ಲ. ಕಳಸದಿಂದ ಸಂಸೆಯ ಮೇಲೆ ಕುದುರೆಮುಖಕ್ಕೆ ಹೋಗುವ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿಯುವವನಿಗೆ ಶೋಲಾದ ತಂಪು ತಟ್ಟುತ್ತದೆ, ಹಕ್ಕಿಯ ಕೂಗು ಕೇಳಿಸುತ್ತದೆ. ರಸ್ತೆ ಮುಗಿದಲ್ಲಿ ಸೈಕಲ್ಲೂ ನಿಲ್ಲಲಿ, ಅಷ್ಟೆ.

ಆಕ್ಷೇಪಗಳಿಗೆ ಉತ್ತರ

“ಜೀಪು ಓಡಿಸುವ ನಮ್ಮೂರ ಹುಡುಗರ ಗತಿಯೇನು?” ಇದು ಅತ್ಯಂತ ನ್ಯಾಯವಾದ ಪ್ರಶ್ನೆ. ಅಡಿಕೆಗೆ ಹಳದಿ ರೋಗ, ಎಲೆಚುಕ್ಕಿ ರೋಗ ಬಡಿದು, ಸಾಲ ಮಾಡಿ ಜೀಪು ಕೊಂಡ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ನನ್ನ ಶಿಷ್ಯರು. ಅವರು ಶತ್ರುಗಳಲ್ಲ. ರಸ್ತೆಯಿರುವಲ್ಲಿಗೆ ಜೀಪು ಬೇಕೇ ಬೇಕು, ಆ ದುಡಿಮೆ ಅವರದೇ ಆಗಿರಲಿ. ಆದರೆ ರಸ್ತೆ ಮುಗಿದ ಮೇಲೆ ಅದೇ ಹುಡುಗ ಮಾರ್ಗದರ್ಶಿಯಾಗಿ ಮುಂದೆ ನಡೆದರೆ ಅವನಿಗೆ ಡೀಸೆಲಿನ ಖರ್ಚಿಲ್ಲ, ಜೀಪಿನ ತಳ ಒಡೆಯುವುದಿಲ್ಲ. ಡ್ರೊಸೆರಾ ಎಂಬ ಅಂಗೈಯಗಲದ ಗಿಡ ಕೀಟವನ್ನು ಹಿಡಿಯುವುದನ್ನು, ಮಳೆಗಾಲದಲ್ಲಿ ಹುಲ್ಲಿನೊಳಗೆ ಗೂಡುಕಟ್ಟುವ ಅಗಲ ಬಾಲದ ಪುಟ್ಟ ಹಕ್ಕಿಯನ್ನು ತೋರಿಸಲು ನಮ್ಮೂರ ಹುಡುಗನಿಗಿಂತ ಬಲ್ಲವರು ಯಾರು? ಕೊರಕಲು ಬಿದ್ದ ಗುಡ್ಡವನ್ನು ನೋಡಲು ಹತ್ತು ವರ್ಷಗಳ ಮೇಲೆ ಯಾರೂ ಬರುವುದಿಲ್ಲ. ಆಗ ಜೀಪೂ ಇಲ್ಲ, ಸಾಲ ಮಾತ್ರ.

“ಮುದುಕರು, ಅಶಕ್ತರು ಗುಡ್ಡ ನೋಡಬಾರದೇ?” ನೋಡಬೇಕು. ಡಾಂಬರು ರಸ್ತೆ ಈಗಾಗಲೇ ಎಷ್ಟೋ ಎತ್ತರಗಳಿಗೆ ಹೋಗಿದೆ. ಅದನ್ನು ಕೀಳಿರೆಂದು ಯಾರೂ ಹೇಳುತ್ತಿಲ್ಲ. ಆದರೆ ಹುಲ್ಲಿನ ಮೇಲೆ ಜೀಪು ಕುಣಿಸುವವರಲ್ಲಿ ನಾನು ಮುದುಕರನ್ನು ಕಂಡಿಲ್ಲ.

“ದನಗಳೂ ದಾರಿ ಮಾಡುತ್ತವಲ್ಲ?” ಮಾಡುತ್ತವೆ. ದನ ಗುಡ್ಡವನ್ನು ಓರೆಯಾಗಿ, ಸುತ್ತಿ ಬಳಸಿ ಏರುತ್ತದೆ, ನೆಟ್ಟಗೆ ಏರುವುದಿಲ್ಲ. ಆದರೂ ದನ ಅತಿಯಾದಲ್ಲಿ ನೆಲ ಬೋಳಾಗುತ್ತದೆ. ಬೆಂಕಿ ಹಚ್ಚುವ ನಮ್ಮ ಹಳೆಯ ಚಾಳಿಯೂ ಕೇಡಿನದೇ. ಅನ್ಯರಿಗೆ ಹೇಳುವ ಮೊದಲು ನಮ್ಮ ಮನೆಯನ್ನೂ ಗುಡಿಸಿಕೊಳ್ಳಬೇಕು.

ಗುಡಿಸುವುದೇ ಆದರೆ ನನ್ನಿಂದಲೇ ಆರಂಭವಾಗಲಿ. ಹಲವು ವರ್ಷಗಳ ಹಿಂದೆ ಹುಲ್ಲುಗಾವಲಿನ ಸಮೀಕ್ಷೆಗೆಂದು ಜೀಪಿನಲ್ಲಿ ಕುಳಿತು ನಾನೂ ಇಂಥದೇ ಗುಡ್ಡದ ನೆತ್ತಿಗೆ ಹೋಗಿದ್ದೆ. ಹೊತ್ತು ಉಳಿಯಿತೆಂದು ಹಿಗ್ಗಿದ್ದೆ. ಮಣ್ಣು ಸವೆತದ ಬಗ್ಗೆ ವರದಿ ಬರೆಯಲು ಹೋದವನು ಸವೆತಕ್ಕೆ ಮೊದಲ ಗೆರೆ ಹಾಕಿ ಬಂದೆ. ಇಂದು ಆ ಗುಡ್ಡವನ್ನು ದೂರದಿಂದ ಕಂಡಾಗಲೂ ನಾಚಿಕೆಯಾಗುತ್ತದೆ.

ನಮ್ಮ ಬೇಡಿಕೆಗಳು

1. ರಾಷ್ಟ್ರೀಯ ಉದ್ಯಾನದ ಒಳಗಾಗಲಿ ಹೊರಗಾಗಲಿ, ಹುಲ್ಲುಗುಡ್ಡಗಳ ಮೇಲೆ ರಸ್ತೆ ಬಿಟ್ಟು ಮೋಟಾರು ವಾಹನ ಓಡಿಸುವುದನ್ನು ಜಿಲ್ಲಾಡಳಿತ ನಿಷೇಧಿಸಬೇಕು. ರಸ್ತೆ ಮುಗಿಯುವಲ್ಲಿ ತಡೆ ಹಾಕಬೇಕು.

2. ಕಂದಾಯ ದಾಖಲೆಗಳಲ್ಲಿ ಹುಲ್ಲುಗುಡ್ಡಗಳಿಗೆ ಅಂಟಿರುವ ‘ಖರಾಬು’ ಎಂಬ ಹೆಸರನ್ನು ತೆಗೆದು ಜಲಮೂಲವೆಂದು ದಾಖಲಿಸಬೇಕು.

3. ಮಣ್ಣು ಅತಿ ಮೆತ್ತಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಗೂ ಬೆಂಕಿಯ ಭಯವಿರುವ ಬೇಸಿಗೆಯಲ್ಲಿ, ಚಾರಣಕ್ಕೂ ಬಿಡುವು ಇರಬೇಕು. ಗುಡ್ಡಕ್ಕೂ ಬಾಣಂತನ ಬೇಕು.

4. ಚಾರಣದ ಶುಲ್ಕದಲ್ಲಿ ಒಂದು ಪಾಲು ಆಯಾ ಗುಡ್ಡದ ಬುಡದ ಗ್ರಾಮ ಪಂಚಾಯಿತಿಗೆ ಬರಬೇಕು. ಮಾರ್ಗದರ್ಶಿಗಳು ಸ್ಥಳೀಯರೇ ಆಗಿರಬೇಕು.

5. ಈಗಾಗಲೇ ಬಿದ್ದಿರುವ ಕೊರಕಲುಗಳಿಗೆ ಅಡ್ಡಲಾಗಿ ಕಲ್ಲು, ಹುಲ್ಲುಹೆಂಟೆಗಳ ಸಣ್ಣ ಒಡ್ಡು ಹಾಕುವ ಕೆಲಸವನ್ನು ಕೂಡಲೆ ಕೈಗೊಳ್ಳಬೇಕು. ಅಕೇಶಿಯಾ ನೆಟ್ಟು ‘ಹಸಿರೀಕರಣ’ ಮಾಡುವ ಅವಿವೇಕ ಮಾತ್ರ ಬೇಡ.

ಇವುಗಳಲ್ಲಿ ಯಾವುದೂ ಸರಕಾರಕ್ಕೆ ಹೊರೆಯಲ್ಲ. ಆದರೆ ಸರಕಾರ ತಾನಾಗಿ ಮಾಡುವುದೂ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿಯೊಂದು ಊರೂ ತನ್ನ ಗುಡ್ಡದ ಹೆಸರು ಹೇಳಿ ನಿರ್ಣಯ ಮಾಡಬೇಕು. ವಿದ್ಯಾರ್ಥಿಗಳು ಡಬ್ಬಿ ಮತ್ತು ಅಳತೆಪಟ್ಟಿ ಹಿಡಿದು ಗುಡ್ಡ ಹತ್ತಿ, ಗೀರುಗಳ ಉದ್ದ, ಅಗಲ, ಆಳ ಬರೆದು ತಂದು ಆ ಸಭೆಯ ಮುಂದಿಡಬೇಕು. ಗಣಿಯ ಕಾಲದಲ್ಲಿ ನಮ್ಮ ಹಿರಿಯರ ಕೈಯಲ್ಲಿದ್ದುದು ಕೆಸರು ನೀರಿನ ಬಾಟಲಿ. ಅದನ್ನೇ ಅವರು ಸಾಕ್ಷಿಯನ್ನಾಗಿ ಮಾಡಿಕೊಂಡಿದ್ದರು.

ಹಿರಿಯರ ಜಗಲಿಯಲ್ಲಿ ನಾನು ಕೊಡಲಾಗದ ಉತ್ತರ ಇಷ್ಟು: ನ್ಯಾಯ ಎಲ್ಲರಿಗೂ ಒಂದೇ ಆಗಬೇಕಾದರೆ ಗುಡ್ಡ ಎಲ್ಲರನ್ನೂ ಒಂದೇ ರೀತಿಯಲ್ಲಿ ಬರಮಾಡಿಕೊಳ್ಳಬೇಕು. ಬೆಂಗಳೂರಿನಿಂದ ಬಂದವರಿರಲಿ, ಗುಡ್ಡದ ಬುಡದವರಿರಲಿ, ವಿಜ್ಞಾನಿಯಿರಲಿ, ಅಧಿಕಾರಿಯಿರಲಿ, ವಾಹನದಿಂದ ಇಳಿದು ನಡೆದು ಬರಲಿ. ನಡೆದವನಿಗೆ ಗುಡ್ಡದ ಎತ್ತರ ತಿಳಿಯುತ್ತದೆ. ಎತ್ತರ ತಿಳಿದವನು ಅಲ್ಲಿಂದ ಇಳಿದು ಬರುವ ನೀರಿಗೆ ಮಣ್ಣು ಬೆರೆಸಲಾರ.